ಐನಾಪುರದ ವೈಫೈ ಕಳ್ಳರು

ನನ್ನ ಮೊದಲ ಇಂಟರ್‌ವ್ಯೂ ಹಾಳಾದದ್ದು ವೈಫೈಯಿಂದ. ಪುಣೆಯ ಕಂಪನಿಯೊಂದರ ಲೆಕ್ಕದ ಕೆಲಸ, ಐನಾಪುರದ ಮನೆಯಲ್ಲೇ ಕುಳಿತು ಮಾಡುವಂಥದ್ದು. ಮದುವೆಯಾದ ಮೇಲೆ ನನ್ನ ಬಿ.ಕಾಂ. ಪದವಿಗೆ ದ್ರಾಕ್ಷಿ ಪೆಟ್ಟಿಗೆ ಎಣಿಸುವುದರ ಹೊರತು ಬೇರೆ ಕೆಲಸ ಸಿಕ್ಕಿರಲಿಲ್ಲ. ಈ ನೌಕರಿ ನನಗೆ ಬೇಕೇ ಬೇಕಿತ್ತು. ಮೊದಲ ಪ್ರಶ್ನೆಗೇ ನೆಟ್ ನಿಂತು, ಪರದೆಯ ಮೇಲೆ ನಾನು ಬಾಯಿ ತೆರೆದುಕೊಂಡೇ ಉಳಿದೆ. ಪುಣ್ಯಾತ್ಮರು ಸೋಮವಾರ ಇನ್ನೊಂದು ಅವಕಾಶ ಕೊಟ್ಟರು. ಅದೇ ಕೊನೆಯದು ಎಂದೂ ಹೇಳಿದರು.

ನಮ್ಮವರು, ಅಂದರೆ ನನ್ನ ಗಂಡ ಭರತ, ತನಿಖೆಗೆ ಇಳಿದರು. ತಮ್ಮ ಫೋನಿನಲ್ಲಿ ವೈಫೈಯ ಆ್ಯಪ್ ತೆರೆದು ನೋಡಿದರೆ ಮನೆಯಲ್ಲಿರುವವರು ಮೂವರು, ವೈಫೈಗೆ ಹತ್ತಿದ ಫೋನುಗಳು ಹನ್ನೆರಡರ ಮೇಲೆ.

"ಇದು ತುಕಾರಾಮ ಕಾಕಾಂದ ಕೆಲಸ. ಕೊಲ್ಹಾಪುರದ ಅಳಿಯಾ ಕಂಪ್ಯೂಟರ್ ಕಲತಾನಲ್ಲ, ಹ್ಯಾಕ್ ಮಾಡ್ಯಾನ. ಮಾವ ಕುಂತು ಕುಸ್ತಿ ನೋಡಾಕತ್ತಾನ," ಎಂದರು.

ತುಕಾರಾಮ ಕಾಕಾ ನಮ್ಮ ಪಕ್ಕದ ಮನೆಯವ. ಬಾವಿಗೆ ನೀರು ನೋಡುವವರು ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುವಂತೆ ನಮ್ಮವರು ಫೋನ್ ಹಿಡಿದು ಓಣಿ ಸುತ್ತಿದರು. ಕಾಕಾನ ಗೋಡೆಯ ಹತ್ತಿರ ಸಿಗ್ನಲ್ ಜೋರು. ಆ ಗೋಡೆಯ ಈಚೆಗೇ ನಮ್ಮ ರೌಟರ್ ಇದೆ, ಜೋರಿರದೆ ಏನು? ಪತ್ತೇದಾರರಿಗೆ ಹೇಳುವವರು ಯಾರು! ಪಾಸ್‌ವರ್ಡ್ ಬದಲಿಸಿದರು. ಮರುದಿನ ಎಲ್ಲ ಫೋನುಗಳೂ ವಾಪಸ್. ಮತ್ತೆ ಬದಲಿಸಿದರು, ಮತ್ತೆ ವಾಪಸ್. ಸಿಟ್ಟು ನೆತ್ತಿಗೇರಿ, ಕಟ್ಟೆಯ ಮೇಲೆ ನಿಂತು, "ಕಳ್ಳರು ಬಾಜೂಕ ಅದಾರ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಭಾನುವಾರ ಬೆಳಿಗ್ಗೆ ಕಾಕಾನ ಹೆಂಡತಿ ಸುಂದರಾ ಕಾಕು ಹೆಪ್ಪಿಗೆಂದು ಬಟ್ಟಲು ಹಿಡಿದು ಬಂದಳು. ನಮ್ಮ ಅತ್ತೆ ಗಿರಿಜವ್ವ ಒಂದು ಚಮಚ ಮೊಸರು ಹಾಕಿ, "ಹೊಸಾದು ಹಾಕ್ಕೋ ಬೇ" ಎಂದು ಪಾಸ್‌ವರ್ಡನ್ನೂ ಹೇಳತೊಡಗಿದರು. ಹೆಪ್ಪಿಗೆ ಬಂದ ಹೆಂಗಸರಿಗೆಲ್ಲ ಹೀಗೇ ಹಂಚಿದ್ದರಂತೆ. ಅವ್ವ ಫೋನಿನಲ್ಲಿ ಭಜನೆ ನೋಡಲೆಂದು ಮಗನೇ ಪ್ರತಿಸಲ ಬಾಯಿಪಾಠ ಮಾಡಿಸಿದ್ದ ಪಾಸ್‌ವರ್ಡ್ ಅದು.

"ಯವ್ವಾ, ಇದೇನ ಮಾಡಿದಿ?" ಎಂದರು ನಮ್ಮವರು.

"ಹೆಪ್ಪು ಕೊಟ್ರ ಗಡಗ್ಯಾನ ಮೊಸರು ಕಡಿಮಿ ಆಗ್ತೈತೇನ್ಲೇ?"

ಕಾಕು ನಮ್ಮವರನ್ನೇ ನೋಡಿದಳು. "ಹಂಗಾರ ಮೊನ್ನೆ ಕಳ್ಳರು ಅಂದದ್ದು ನಮಗೇನಪಾ?"

ಬಟ್ಟಲು ಅಲ್ಲೇ ಬಿಟ್ಟು ಹೋದಳು. ನಮ್ಮವರು ಹೋಗಿ ತಪ್ಪಾಯಿತು ಎನ್ನುವ ಬದಲು ಆ್ಯಪಿನಲ್ಲಿ ಗುರುತಿಲ್ಲದ ಹೆಸರುಗಳನ್ನೆಲ್ಲ ಬಂದ್ ಮಾಡಿದರು. "ಇನ್ನ ಒಂದು ನೊಣಾನೂ ಒಳಗ ಬರೂದಿಲ್ಲ," ಎಂದರು.

ಸೋಮವಾರ ಅವರು ತೋಟಕ್ಕೆ ಹೋದ ಮೇಲೆ ನಾನು ಲ್ಯಾಪ್‌ಟಾಪ್ ತೆರೆದೆ. ನೆಟ್ ಇಲ್ಲ! ಬಂದ್ ಆದವರಲ್ಲಿ ನಾನೂ ಒಬ್ಬಳು. ಲೆಕ್ಕ ಮಾಡಿ ತೋರಿಸಲೆಂದು ತಮ್ಮನಿಂದ ತಂದ ಲ್ಯಾಪ್‌ಟಾಪ್, ಅದರ ಹೆಸರು ನನ್ನ ಗಂಡನಿಗೆ ಹೇಗೆ ಗೊತ್ತಿರಬೇಕು? ವೈಫೈ ಇದೆಯೆಂದು ನನ್ನ ಫೋನಿಗೆ ಡೇಟಾ ಹಾಕಿಸಿರಲಿಲ್ಲ. ಅವರಿಗೆ ಫೋನ್ ಮಾಡಿದರೆ, ಔಷಧ ಹೊಡೆಯುವ ಟ್ರ್ಯಾಕ್ಟರಿನ ಸದ್ದಿನಲ್ಲಿ ಎತ್ತಲೇ ಇಲ್ಲ. ಕಣ್ಣಲ್ಲಿ ನೀರು ಬಂತು. ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡು ಕಾಕಾನ ಮನೆಗೆ ಓಡಿದೆ. ಬೈದರೆ ಬೈಯಲಿ.

"ಅಳಬ್ಯಾಡ, ಒಳಗ ಬಾ," ಎಂದ ಕಾಕು, ಸೊಸೆ ಸಾರಿಕಾಳನ್ನು ಕೂಗಿದಳು. ಸಾರಿಕಾ ತನ್ನ ಫೋನಿನಿಂದ ನೆಟ್ ಕೊಟ್ಟಳು. ಕಾಕಾ ಟಿವಿ ಆರಿಸಿ, ಅಂಗಳದ ಕೋಳಿಗಳನ್ನು ಓಡಿಸಿ, ಬಾಗಿಲಲ್ಲಿ ಕಾವಲು ಕುಳಿತ.

ಎಲ್ಲಕ್ಕೂ ಉತ್ತರಿಸಿದೆ, ಲೆಕ್ಕವನ್ನೂ ಮಾಡಿ ತೋರಿಸಿದೆ. ನಡುವೆ, ನನ್ನ ಮಿಸ್ಡ್ ಕಾಲ್ ನೋಡಿದ ನಮ್ಮವರು ಏದುಸಿರು ಬಿಡುತ್ತ ಬಂದರು. ಕಾಕಾ ತುಟಿಯ ಮೇಲೆ ಬೆರಳಿಟ್ಟು, ಅವರ ಕೈಹಿಡಿದು ತನ್ನ ಪಕ್ಕದಲ್ಲೇ ಕೂಡಿಸಿಕೊಂಡ.

ಪುಣೆಯವರು ಮರಾಠಿಯಲ್ಲಿ ಕೊನೆಯ ಪ್ರಶ್ನೆ ಕೇಳಿದರು. "ಮನೆಯಲ್ಲಿ ನೆಟ್ ಕೈಕೊಟ್ಟರೆ ಏನು ಮಾಡುತ್ತೀರಿ?"

"ಅದು ಕೈಕೊಟ್ಟೇ ಆಗಿದೆ ಸರ್," ಎಂದೆ. "ನಾನೀಗ ಪಕ್ಕದ ಮನೆಯಲ್ಲಿ ಕುಳಿತಿದ್ದೇನೆ."

ಅವರು ನಕ್ಕು, ಒಂದನೇ ತಾರೀಖಿನಿಂದ ಕೆಲಸ ಶುರುಮಾಡಿ ಎಂದರು. ಮರಾಠಿಯೇ ಮನೆಮಾತಾದ ಕಾಕಾ ಅದನ್ನು ಕೇಳಿದ್ದೇ ತಡ, ಖುಷಿಯಿಂದ ನಮ್ಮವರ ಬೆನ್ನಿಗೆ ಒಂದು ಗುದ್ದು ಕೊಟ್ಟ. ನೋವಾಯಿತೇ ಎಂದು ನಾನು ಕೇಳಲಿಲ್ಲ.