ಪಟ್ಟಿಯ ಮೊದಲ ಪುಸ್ತಕ

ಮೆಡಿಕಲ್ ವಾರ್ಡಿನ ಹೆಡ್ ನರ್ಸನ್ನು ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ದೊಡ್ಡಕ್ಕ ಎಂದು. ಇಪ್ಪತ್ತಾರು ವರ್ಷದ ಸರ್ವಿಸು. ಹೊಸ ಡಾಕ್ಟರುಗಳು ಕೂಡ ಔಷಧಿ ಬರೆಯುವ ಮುಂಚೆ ಒಮ್ಮೆ ಅವಳ ಮುಖ ನೋಡಿಕೊಳ್ಳುತ್ತಿದ್ದರು. ಆಸ್ಪತ್ರೆಯ ಕಾಂಪೌಂಡಿನಲ್ಲೇ ಇದ್ದ ನರ್ಸಿಂಗ್ ಶಾಲೆಗೆ ಓದಬೇಕಾದ ಪುಸ್ತಕಗಳ ಪಟ್ಟಿ ಮಾಡುವ ಸಮಿತಿಯಲ್ಲಿ ಅವಳಿಗೂ ಒಂದು ಕುರ್ಚಿ ಇತ್ತು. ಕುರ್ಚಿ ಹೆಸರಿಗಷ್ಟೇ. ಪಟ್ಟಿ ಪ್ರಿನ್ಸಿಪಾಲರ ಕೋಣೆಯಲ್ಲೇ ತಯಾರಾಗಿ ಜವಾನನ ಕೈಯಲ್ಲಿ ವಾರ್ಡಿಗೆ ಬರುತ್ತಿತ್ತು. ದೊಡ್ಡಕ್ಕ ಒಂದು ಕೈಯಲ್ಲಿ ಥರ್ಮಾಮೀಟರು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಸಹಿ ಗೀಚಿ ಕಳಿಸುತ್ತಿದ್ದಳು.

ಪಟ್ಟಿಯಲ್ಲಿ ಹನ್ನೆರಡು ಪುಸ್ತಕ. ಮೊದಲನೆಯದು ಯಾವಾಗಲೂ ಪ್ರಿನ್ಸಿಪಾಲ್ ಮೇಡಂ ಅವರೇ ಬರೆದ ಶುಶ್ರೂಷೆಯ ಕೈಪಿಡಿ. ಪುಸ್ತಕ ಪೂರ್ತಿ ಕೆಟ್ಟದ್ದೇನಲ್ಲ. ಹಾಸಿಗೆ ಹುಣ್ಣಿನ ಅಧ್ಯಾಯವನ್ನು ದೊಡ್ಡಕ್ಕನೇ ಬಾಯ್ತುಂಬ ಹೊಗಳುತ್ತಿದ್ದಳು. ಆದರೆ ಒಂದು ಪುಟದಲ್ಲಿ, ರೋಗಿಯ ಕಾಲು ತಣ್ಣಗಿದ್ದರೆ ಬಿಸಿನೀರಿನ ಚೀಲ ಇಡಬೇಕು ಎಂದು ಬರೆದಿತ್ತು. ಸಕ್ಕರೆ ಕಾಯಿಲೆಯವರಿಗೆ ಇಡಬಾರದು ಎಂಬ ಮಾತು ಅಲ್ಲಿರಲಿಲ್ಲ. ಆ ಕಾಯಿಲೆ ಹಳೆಯದಾದರೆ ಪಾದ ಜೋಮು ಹಿಡಿದಂತಾಗಿ, ಚರ್ಮ ಬೆಂದರೂ ಮನುಷ್ಯನಿಗೆ ತಿಳಿಯುವುದಿಲ್ಲ.

ಮೂರು ವರ್ಷದ ಹಿಂದೆ ದೊಡ್ಡಕ್ಕ ಪುಸ್ತಕ ಹಿಡಿದುಕೊಂಡು ಮೇಡಂ ಕೋಣೆಗೆ ಹೋಗಿದ್ದಳು.

"ಮೇಡಂ, ಇಲ್ಲೊಂದು ಸಾಲು ಸೇರಿಸ್ಬೇಕಿತ್ತು."

ಮೇಡಂ ಕನ್ನಡಕ ಏರಿಸಿ ನೋಡಿದರು. "ಮುಂದಿನ ಮುದ್ರಣದಲ್ಲಿ ನೋಡೋಣ ಬಿಡಿ. ವಾರ್ಡಲ್ಲಿ ಓದೋಕೆ ಇಷ್ಟು ಪುರುಸೊತ್ತು ಸಿಗುತ್ತಲ್ಲ ನಿಮಗೆ, ಸಂತೋಷ."

ಮುಂದಿನ ಮುದ್ರಣ ಬಂತು. ನೀಲಿ ಹೊದಿಕೆ ಹಸಿರಾಯಿತು, ಸಾಲು ಮಾತ್ರ ಬರಲಿಲ್ಲ. ದೊಡ್ಡಕ್ಕ ಮತ್ತೆ ಆ ಸುದ್ದಿ ಎತ್ತಲಿಲ್ಲ. ತಂಗಿಯ ಮಗಳಿಗೆ ಆಗಷ್ಟೇ ಅದೇ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ಸುಮ್ಮನೆ ಮೇಡಂ ಕಣ್ಣು ಕೆಂಪು ಮಾಡಿಸುವುದು ಯಾಕೆ ಎಂದುಕೊಂಡಳು.

ಹುಡುಗಿ ಅವಳ ಮನೆಯಲ್ಲೇ ಇದ್ದಳು. ಓದುವ ಹುಚ್ಚಿನವಳು. ದೊಡ್ಡಕ್ಕ ಡ್ಯೂಟಿ ಮುಗಿಸಿ ಬಂದು ತರಕಾರಿ ಹೆಚ್ಚುತ್ತಿದ್ದರೆ, ಅಡುಗೆಮನೆಯ ಹೊಸ್ತಿಲ ಮೇಲೆ ಕೂತು "ದೊಡ್ಡಮ್ಮಾ, ಇದು ಕೇಳು" ಎಂದು ಪುಟಗಟ್ಟಲೆ ಜೋರಾಗಿ ಓದುತ್ತಿದ್ದಳು. ದಿನವಿಡೀ ನಿಂತು ಕಾಲು ಸೋತ ದೊಡ್ಡಕ್ಕ ಹೂಂ ಹೂಂ ಎನ್ನುತ್ತಿದ್ದಳು.

ಎರಡನೇ ವರ್ಷದಲ್ಲಿ ಹುಡುಗಿಯನ್ನು ಗಂಡಸರ ವಾರ್ಡಿಗೆ ಹಾಕಿದರು. ಅಲ್ಲಿ ಜ್ವರವೆಂದು ಸೇರಿದ್ದ ಒಬ್ಬ ಟೈಲರ್ ಇದ್ದ, ಹದಿನೈದು ವರ್ಷದ ಸಕ್ಕರೆ ಕಾಯಿಲೆಯವನು. ಒಂದು ಮಧ್ಯಾಹ್ನ ಹೊದಿಕೆ ಸರಿಮಾಡುವಾಗ ಅವನ ಪಾದ ಅವಳ ಕೈಗೆ ತಣ್ಣಗೆ ತಾಗಿತು. ಪುಸ್ತಕದಲ್ಲಿ ಹೇಳಿದಂತೆಯೇ ನೀರಿನ ಬಿಸಿ ಅಳೆದಳು, ಚೀಲಕ್ಕೆ ಒಂದು ಸುತ್ತು ಬಟ್ಟೆ ಸುತ್ತಿದಳು, ಪಾದಕ್ಕೆ ಒತ್ತಿಟ್ಟಳು, ಇಪ್ಪತ್ತು ನಿಮಿಷ ಗಡಿಯಾರ ನೋಡಿಕೊಂಡು ತೆಗೆದಳು.

"ಒಳ್ಳೇ ಕೈಗುಣಮ್ಮ ನಿಂದು," ಎಂದ ಟೈಲರ್.

ಸಂಜೆಗೆ ಪಾದದಲ್ಲಿ ಬೊಬ್ಬೆ ಎದ್ದಿತು. ಮೂರು ದಿನಕ್ಕೆ ಕೀವು ತುಂಬಿತು. ಎರಡನೇ ವಾರದಲ್ಲಿ ಬಲಗಾಲಿನ ಎರಡು ಬೆರಳು ತೆಗೆದರು. ಅವನು ಹೊಲಿಗೆ ಮೆಷಿನ್ ತುಳಿಯುವ ಕಾಲು ಅದು.

ವಿಚಾರಣೆ ಪ್ರಿನ್ಸಿಪಾಲರ ಕೋಣೆಯಲ್ಲೇ ನಡೆಯಿತು. ಆಸ್ಪತ್ರೆಯ ಸೂಪರಿಂಟೆಂಡೆಂಟ್ ಒಂದು ಬದಿಗೆ ಕೂತು ಕಿಟಕಿ ನೋಡುತ್ತಿದ್ದರು. ಹುಡುಗಿ ಪುಸ್ತಕದ ಪುಟ ಬಿಡಿಸಿ ಮೇಜಿನ ಮೇಲಿಟ್ಟಳು.

"ಇದರಲ್ಲಿದ್ದ ಹಾಗೇ ಮಾಡಿದೀನಿ ಮೇಡಂ. ಒಂದಕ್ಷರ ಆಚೀಚೆ ಮಾಡಿಲ್ಲ."

"ಎಲ್ಲಾನೂ ಪುಸ್ತಕದಲ್ಲೇ ಬರೆಯೋಕಾಗುತ್ತಾ? ತಲೇಲಿ ಒಂಚೂರು ಬುದ್ಧಿ ಬೇಡ್ವಾ?"

ಹುಡುಗಿಯ ಜೊತೆ ಬಂದು ಕೂತಿದ್ದ ದೊಡ್ಡಕ್ಕನಿಗೆ ತಡೆದುಕೊಳ್ಳಲಾಗಲಿಲ್ಲ. ಎದ್ದು ನಿಂತಳು. "ಆ ಪುಟದಲ್ಲಿ ತಪ್ಪಿದೆ ಅಂತ ಮೂರು ವರ್ಷದ ಹಿಂದೇನೇ ನಿಮ್ಮ ಮುಂದೆ ಹೇಳಿದ್ದೆ ಮೇಡಂ. ಹುಡುಗೀದೇನೂ ತಪ್ಪಿಲ್ಲ."

ಮೇಡಂ ಸಿಟ್ಟಾಗಲಿಲ್ಲ. ಫೈಲಿನಿಂದ ಮೂರು ಹಾಳೆ ತೆಗೆದು, ಇಸ್ಪೀಟಿನ ಎಲೆ ಹರಡಿದ ಹಾಗೆ ಸಾಲಾಗಿಟ್ಟರು. ಮೂರು ವರ್ಷದ ಪಟ್ಟಿಗಳು.

"ತಪ್ಪು ಅಂತ ಗೊತ್ತಿದ್ದೂ ಇದೇ ಪುಸ್ತಕ ಓದಿ ಅಂತ ಮೂರು ಸಲ ರುಜು ಹಾಕಿದೀರಲ್ಲ ಸಿಸ್ಟರ್. ಇದು ನಿಮ್ಮ ಕೈಬರಹವೇ ತಾನೆ?"

ಸೂಪರಿಂಟೆಂಡೆಂಟ್ ಮೊದಲ ಬಾರಿಗೆ ಕಿಟಕಿ ಬಿಟ್ಟು ಇತ್ತ ತಿರುಗಿದರು. ಹುಡುಗಿ ಮೇಡಂ ಕಡೆ ನೋಡಲೇ ಇಲ್ಲ, ದೊಡ್ಡಮ್ಮನನ್ನೇ ನೋಡುತ್ತಿದ್ದಳು.

ಮನೆಯ ದಾರಿಯಲ್ಲಿ ಬಸ್ ಸ್ಟಾಪಿನ ಹತ್ತಿರ ಹುಡುಗಿ ನಿಂತಳು.

"ನಿಂಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು ಕಣೆ."

"ಆ ಪುಟ ನಾನು ನಿನ್ನ ಮುಂದೇನೇ ಓದಿದ್ದೆ ದೊಡ್ಡಮ್ಮ. ನೀನು ಬೀನ್ಸ್ ಹೆಚ್ತಾ ಇದ್ದೆ."

"ಸುಸ್ತಾಗಿರ್ತಿತ್ತು. ಕಿವಿಗೆ ಬಿದ್ದಿರಲಿಲ್ಲ."

"ಹೂಂ ಅಂದ್ಯಲ್ಲ."



ಹುಡುಗಿಯನ್ನು ಒಂದು ವರ್ಷ ಶಾಲೆಯಿಂದ ಹೊರಗಿಟ್ಟರು. ದೊಡ್ಡಕ್ಕನನ್ನು ಸಮಿತಿಯಿಂದ ತೆಗೆದು, ವಾರ್ಡಿನಿಂದಲೂ ಎತ್ತಿ, ಹಾಸು-ಹೊದಿಕೆಗಳ ಉಗ್ರಾಣಕ್ಕೆ ಹಾಕಿದರು. ಮರುದಿನವೇ ತಂಗಿ ಬಂದು ಮಗಳ ಪೆಟ್ಟಿಗೆ ಕಟ್ಟಿದಳು. "ನಿನ್ನ ನಂಬ್ಕೊಂಡು ಬಿಟ್ಟಿದ್ದೆ ಅಕ್ಕಾ," ಎಂದಳು, ಅಷ್ಟೇ. ಒಂದು ಲೋಟ ನೀರೂ ಕುಡಿಯಲಿಲ್ಲ. ವರ್ಷ ಕಳೆದ ಮೇಲೂ ಹುಡುಗಿ ಶಾಲೆಗೆ ಹಿಂತಿರುಗಲಿಲ್ಲ. ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದಳೆಂದು ಯಾರೋ ಹೇಳಿದರು.

ಒಂದು ಭಾನುವಾರ ದೊಡ್ಡಕ್ಕ ಟೈಲರನ ಮನೆ ಹುಡುಕಿಕೊಂಡು ಹೋದಳು. ಮೆಷಿನ್ನಿನ ಮೇಲೆ ಬಟ್ಟೆ ಮುಚ್ಚಿತ್ತು. ಅವನು ಕೂತಲ್ಲೇ ಗುಂಡಿ ಹೊಲಿಯುತ್ತಿದ್ದ. ಪುಸ್ತಕ, ಸಹಿ, ಮೂರು ವರ್ಷ, ಒಂದನ್ನೂ ಮುಚ್ಚಿಡದೆ ಅವನಿಗೆ ಹೇಳಿದಳು. ಅವನು ದಾರವನ್ನು ಹಲ್ಲಿನಲ್ಲಿ ಕಡಿದ.

"ಆ ಮಗು ದಿನಾ ಬಂದು ನನ್ನ ಮಂಚದ ಪಕ್ಕ ಅಳ್ತಿತ್ತು," ಎಂದ. "ಬೆರಳು ಕಳ್ಕೊಂಡ ನಾನೇ ಅದಕ್ಕೆ ಸಮಾಧಾನ ಹೇಳ್ಬೇಕಾಯ್ತು. ನೀವುಗಳು ಯಾರೂ ಆಗ ಬರಲಿಲ್ಲ. ಈಗ ಬಂದಿದೀರಿ, ಮನಸ್ಸು ಹಗುರ ಮಾಡ್ಕೊಳ್ಳೋಕೆ." ಕೂತ್ಕೊಳ್ಳಿ ಎಂದು ಅವನು ಹೇಳಲಿಲ್ಲ. ಅವಳು ಬಾಗಿಲಿನಿಂದಲೇ ವಾಪಸಾದಳು.

ಪಟ್ಟಿ ಮತ್ತೆ ಬಂತು, ಮೊದಲ ಪುಸ್ತಕ ಅದೇ. ಉಗ್ರಾಣಕ್ಕೆ ಹೊದಿಕೆ ಒಯ್ಯಲು ಬರುವ ವಿದ್ಯಾರ್ಥಿನಿಯರನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿ ದೊಡ್ಡಕ್ಕ ಪುಸ್ತಕದಲ್ಲಿಲ್ಲದ ಆ ಸಾಲು ಹೇಳತೊಡಗಿದಳು. ಕೆಲವರು ನಕ್ಕು ಹೋಗುತ್ತಿದ್ದರು. ಒಬ್ಬಳು ಮಾತ್ರ ಪುಸ್ತಕ ಬಿಡಿಸಿ ಅಂಚಿನಲ್ಲಿ ಬರೆದುಕೊಂಡಳು. ಬರೆದಾದ ಮೇಲೆ ತಲೆ ಎತ್ತಿ ಕೇಳಿದಳು:

"ಪರೀಕ್ಷೇಲಿ ಇದನ್ನ ಬರೆದ್ರೆ ಮಾರ್ಕ್ಸ್ ಕೊಡ್ತಾರಾ ಸಿಸ್ಟರ್?"

ಉತ್ತರಪತ್ರಿಕೆ ತಿದ್ದುವವರು ಯಾರೆಂದು ಇಬ್ಬರಿಗೂ ಗೊತ್ತಿತ್ತು.

"ಕೊಡಲ್ಲ," ಎಂದಳು ದೊಡ್ಡಕ್ಕ. "ಪರೀಕ್ಷೇಲಿ ಪುಸ್ತಕದಲ್ಲಿರೋದನ್ನೇ ಬರಿ."

ವಿದ್ಯಾರ್ಥಿನಿ ತಲೆಯಾಡಿಸಿ, ಹೊದಿಕೆಗಳನ್ನು ಗಲ್ಲದವರೆಗೆ ಪೇರಿಸಿಕೊಂಡು ವಾರ್ಡಿನ ಕಡೆ ನಡೆದಳು.