ಗಾಡಿಯ ಮೇಲೆ ಆಡಿದ ಮಾತು

ಹಸಿರು ಬಳೆ ಹೆಬ್ಬೆರಳ ಬುಡದಲ್ಲೇ ನಿಂತುಬಿಟ್ಟಿತು. ಶಿವಕಾಂತಾ ತನ್ನ ಅಕ್ಕ ಭೀಮವ್ವನ ಕೈಗೆ ಸಾಬೂನು ಸವರಿ, ಬೆರಳುಗಳನ್ನು ಒಟ್ಟುಗೂಡಿಸಿ ಇನ್ನೊಮ್ಮೆ ಒತ್ತಿದಳು. ಬಾತ ಕೈ ನಾದಿದ ಹಿಟ್ಟಿನ ಹಾಗೆ ತಗ್ಗಿತೇ ಹೊರತು ಬಳೆಗೆ ದಾರಿ ಕೊಡಲಿಲ್ಲ.

"ಬಿಡವಾ, ಒಡದೀತು" ಎಂದಳು ಪಕ್ಕದ ಖೋಲಿಯ ಮುದುಕಿ. "ಆ ಕೈಗೆ ಸಲಾಯಿನ್ ಹಚ್ಚಿದ್ರು. ಈ ಕೈಗೆ ಹಾಕು."

ಮುತ್ತೈದೆಯಾಗಿ ಹೋದವಳಿಗೆ ಎರಡೂ ಕೈ ತುಂಬ ಬಳೆ ಇರಬೇಕು. ಶಿವಕಾಂತಾ ಎಲ್ಲವನ್ನೂ ಬಲಗೈಗೇ ತೊಡಿಸಿ, ಎಡಗೈಯನ್ನು ಸೆರಗಿನೊಳಗೆ ಸೇರಿಸಿದಳು. ಶವಪರೀಕ್ಷೆ ಮುಗಿಸಿ ಕೊಟ್ಟ ದೇಹ. ಸುತ್ತಿದ ಬಿಳಿ ಬಟ್ಟೆಯನ್ನು ಎದೆಯ ಹತ್ತಿರ ಬಿಚ್ಚಬೇಡಿ ಎಂದು ದವಾಖಾನೆಯವರು ಹೇಳಿ ಕಳಿಸಿದ್ದರಿಂದ ಇಳಕಲ್ ಸೀರೆಯನ್ನು ಮೇಲಿಂದಲೇ ಹೊದಿಸಿದ್ದರು. ಎಡಗಾಲು ಮೊಣಕಾಲಿನತನಕ ಕಪ್ಪುಗಟ್ಟಿ ಬಿರಿದಿತ್ತು. ಅದರ ಮೇಲೆ ನಿರಿಗೆ ಎಳೆದು ಮುಚ್ಚಿದಳು.

ಪುಣೆಯ ಕೊಂಢವಾದಲ್ಲಿ, ಅರ್ಧ ಕಟ್ಟಿದ ಒಂದು ಇಮಾರತಿಯ ಹಿಂದೆ ತಗಡಿನ ಖೋಲಿಗಳ ಒಂದು ಸಾಲು. ಅವತ್ತು ಮಿಕ್ಸರ್ ಮಶಿನ್ ನಿಲ್ಲಿಸಿದ್ದರು. ವಿಜಯಪುರದ ಕಡೆಯ ಮಂದಿ, ಮರಾಠಿ ಮಂದಿ, ಬಿಹಾರದಿಂದ ಬಂದ ಹುಡುಗರು, ಎಲ್ಲರೂ ಖೋಲಿಯ ಮುಂದೆ ನಿಂತಿದ್ದರು. ಭೀಮವ್ವನ ಗಂಡ ಮಲಕಪ್ಪ ಮಾತ್ರ ದೂರದಲ್ಲಿ, ಉಸುಕಿನ ಗುಂಪಿಯ ಮೇಲೆ ಒಬ್ಬನೇ ಕೂತಿದ್ದ.

ಹಿರಿಯನೊಬ್ಬ, ಕುಂಕುಮ ಹಚ್ಚಲಿಕ್ಕೆ ಮಲಕಪ್ಪನನ್ನು ಕರೆಯಿರಿ ಎಂದ. ಮಗ ಅಕ್ಷಯ ಬಾಗಿಲಿಗೆ ಅಡ್ಡ ನಿಂತ. ದನಿ ಏರಿಸಲಿಲ್ಲ.

"ಅಂವ ಮುಟ್ಟೂದು ಬ್ಯಾಡ. ದವಾಖಾನಿ ಮುಂದಿಂದ ಹಾದು ಜೇಜುರಿಗೆ ಒಯ್ದಾನ ಆಕಿನ್ನ. ಮಣ್ಣ ಹಾಕೂದೂ ಬ್ಯಾಡ."

ಅದು ಅಲ್ಲಿದ್ದವರಿಗೆಲ್ಲ ಗೊತ್ತಿದ್ದ ಸಂಗತಿಯೇ. ಹಾವು ಕಚ್ಚಿದ ಹೆಂಡತಿಯನ್ನು ಮಲಕಪ್ಪ ಮೊದಲು ಜೇಜುರಿಯ ಮಲ್ಲಯ್ಯ ದೇವರ ಹತ್ತಿರ ಒಯ್ದ. ದವಾಖಾನೆ ಮುಟ್ಟುವಷ್ಟರಲ್ಲಿ ಹೊತ್ತು ಮೀರಿತ್ತು. ಕೊನೆಗೆ ಕುಂಕುಮವನ್ನು ಆ ಮುದುಕಿಯೇ ಹಚ್ಚಿದಳು. ಮಲಕಪ್ಪ ಕೂತಲ್ಲಿಂದ ಏಳಲಿಲ್ಲ.

ಆದರೆ ಅಷ್ಟೂ ಮಂದಿಗೆ ಗೊತ್ತಿಲ್ಲದ ಒಂದು ಮಾತು ಶಿವಕಾಂತಾಳ ಹೊಟ್ಟೆಯಲ್ಲಿತ್ತು. ಅದನ್ನು ಅಲ್ಲೇ ಇಟ್ಟುಕೋ ಎಂದು ಕೈ ಹಿಡಿದು ಹೇಳಿದವಳು ಈಗ ಅವಳ ಮುಂದೆ ಮಲಗಿದ್ದಳು.

*

ಅಕ್ಷಯ ಇನ್ನೂ ಜೋಳಿಗೆಯಲ್ಲಿ ಮಲಗುವ ಕೂಸು. ಆಗ ಅವರೆಲ್ಲ ಇಂಡಿ ಕಡೆಯಿಂದ ಬಾರಾಮತಿಗೆ ಕಬ್ಬು ಕಡಿಯಲು ಬರುತ್ತಿದ್ದರು. ಮಲಕಪ್ಪ ಕುಡಿಯುತ್ತಿದ್ದ. ಕುಡಿದರೆ ಕೈ ಎತ್ತುತ್ತಿದ್ದ. ಭೀಮವ್ವ ಕೂಸನ್ನು ಸೊಂಟಕ್ಕೇರಿಸಿಕೊಂಡು ತಂಗಿಯ ಗುಡಿಸಲಿಗೆ ಬಂದು ಮಲಗುತ್ತಿದ್ದಳು. ಅಳುತ್ತಿರಲಿಲ್ಲ. ಬೆಳಗಾದರೆ ಬಾತ ಮುಖದಲ್ಲೇ ರೊಟ್ಟಿ ಬಡಿದು, ಅವನ ಬುತ್ತಿಯನ್ನೂ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಿದ್ದಳು.

ಒಂದು ದಿನ ಕುಡಿದ ಅಮಲಿನಲ್ಲಿ ಮಲಕಪ್ಪ ಕಬ್ಬಿನ ಒಣ ಸೋಗೆಯ, ರವದಿಯ ರಾಶಿಯ ಮೇಲೆ ಕಾಲಿಟ್ಟ. ಒಳಗಿದ್ದ ಕೊಳಕುಮಂಡಲ ಅವನ ಮೀನಖಂಡಕ್ಕೆ ಕಚ್ಚಿತು. ಭೀಮವ್ವ ಫ್ಯಾಕ್ಟರಿಗೆ ಹೊರಟಿದ್ದ ಕಬ್ಬಿನ ಟ್ರ್ಯಾಕ್ಟರಿಗೆ ಅಡ್ಡ ನಿಂತು, ಅದನ್ನೇ ಸರ್ಕಾರಿ ದವಾಖಾನೆಗೆ ತಿರುಗಿಸಿದಳು. ಜೊತೆಗೆ ಶಿವಕಾಂತಾ ಕೂಸನ್ನು ಎತ್ತಿಕೊಂಡು ಹೋದಳು. ಅಲ್ಲಿ ಡಾಕ್ಟರು ಅವನ ರಕ್ತವನ್ನು ಗಾಜಿನ ನಳಿಗೆಯಲ್ಲಿ ತೆಗೆದು ನಿಲ್ಲಿಸಿಟ್ಟರು. ಹೆಪ್ಪುಗಟ್ಟಬೇಕಾದ ರಕ್ತ ನೀರಿನ ಹಾಗೇ ಉಳಿಯಿತು. ವಿಷದ ಹಾವೇ ಎಂದು ಖಾತ್ರಿಯಾಗಿ ಔಷಧದ ಬಾಟಲಿ ಮೇಲೆ ಬಾಟಲಿ ಏರಿಸಿದರು. ಬೇಗ ತಂದಿರಿ, ಅದಕ್ಕೇ ಉಳಿದ ಎಂದು ಭೀಮವ್ವನಿಗೆ ಹೇಳಿದರು.

ಮಲಕಪ್ಪನಿಗೆ ಪೂರ್ತಿ ಎಚ್ಚರ ಬಂದಾಗ ಶಿವಕಾಂತಾ ಚಹಾ ಹಿಡಿದು ಕಾಟಿನ ಪಕ್ಕದಲ್ಲೇ ಇದ್ದಳು. ಅಕ್ಕ ಗಂಡನ ಹತ್ತಿರ ಬಗ್ಗಿ ಹೇಳಿದ್ದನ್ನು ಅವಳು ಕಿವಿಯಾರೆ ಕೇಳಿದಳು.

"ಡಾಕ್ಟರು ಕೈ ಚೆಲ್ಲಿದ್ರು. ನಾ ಜೇಜುರಿ ಮಲ್ಲಯ್ಯನ ಭಂಡಾರ ನಿಮ್ಮ ಹಣಿಗೆ ಹಚ್ಚಿ ಬೇಡ್ಕೊಂಡೆ. ಇವರು ಉಳಿದ್ರ ಇನ್ನ ಸೆರೆ ಮುಟ್ಟಂಗಿಲ್ಲ, ವರ್ಷಾ ನಿನ್ನ ಮೆಟ್ಟಲ ಏರ್ತಾರ ಅಂತ. ಆವಾಗ ನೀವು ಕಣ್ಣ ತಗದ್ರಿ."

ದೇವರ ಅರಿಶಿನದ ಭಂಡಾರವೂ ಇರಲಿಲ್ಲ, ಹರಕೆಯೂ ಇರಲಿಲ್ಲ. ಹೊರಗೆ ನಳದ ಹತ್ತಿರ ಶಿವಕಾಂತಾ ಕೇಳಿದಾಗ ಭೀಮವ್ವ ಲೋಟ ತೊಳೆಯುತ್ತಲೇ, ತನ್ನ ಮಾತಂತೂ ಅವರು ಕೇಳುವುದಿಲ್ಲ, ದೇವರ ಮಾತಾದರೂ ಕೇಳುತ್ತಾರೋ ನೋಡೋಣ ಎಂದಳು.

ಅವನು ಕೇಳಿದ. ಮಲಕಪ್ಪ ಆ ದಿನದಿಂದ ಬಾಟಲಿ ಮುಟ್ಟಲಿಲ್ಲ. ಕಬ್ಬು ಬಿಟ್ಟು ಪುಣೆಗೆ ಬಂದು ಗೌಂಡಿ ಕೆಲಸ ಕಲಿತ. ಮಗನನ್ನು ಐಟಿಐ ಓದಿಸಿದ. ಬಿಸಿಲಲ್ಲಿ ಹೆಂಡತಿ ಇಟ್ಟಿಗೆ ಹೊತ್ತು ಬಂದರೆ ಕರಣೆ ಕೆಳಗಿಟ್ಟು, ತಾನೇ ಬುಟ್ಟಿ ಇಳಿಸುತ್ತಿದ್ದ. ವರ್ಷಕ್ಕೊಮ್ಮೆ ಇಬ್ಬರೂ ಜೇಜುರಿಯ ಮೆಟ್ಟಿಲು ಹತ್ತಿ, ಮೈಯೆಲ್ಲ ಹಳದಿಯಾಗಿ ಮರಳಿ ಬರುತ್ತಿದ್ದರು. ಯಾವ ಸೈಟಿನಲ್ಲಿ ಯಾವ ಹುಡುಗ ಕುಡಿದು ಬಿದ್ದರೂ ಮಲಕಪ್ಪ ಅವನನ್ನು ಎಬ್ಬಿಸಿ ಕೂರಿಸಿ, ತಾನು ಸತ್ತು ಬದುಕಿದ ಕತೆ ಹೇಳುವವನು. ಆ ಕತೆ ಶುರುವಾದರೆ ಭೀಮವ್ವ ಖಾಲಿ ಬುಟ್ಟಿ ಎತ್ತಿಕೊಂಡು ಅಲ್ಲಿಂದ ಹೊರಟುಬಿಡುತ್ತಿದ್ದಳು. ನಾಚಿಕೊಳ್ಳುತ್ತಾಳೆ ಎಂದು ಅವನು ನಗುತ್ತಿದ್ದ.

*

ಮಳೆ ನಿಂತು ಹುಲ್ಲು ಸೊಂಟಕ್ಕೆ ಬಂದಿದ್ದ ಸಮಯ. ಸೈಟಿನ ಅಂಚಿನಲ್ಲಿ ಪೇರಿಸಿದ್ದ ಸೆಂಟ್ರಿಂಗ್ ಹಲಗೆಗಳನ್ನು ಭೀಮವ್ವ ಎತ್ತಿ ಕೊಡುತ್ತಿದ್ದಳು. ಕೆಳಗಿನ ಹಲಗೆ ಸರಿದದ್ದೇ ಕುಕ್ಕರ್ ಸೀಟಿ ಹಾಕಿದ ಹಾಗೆ ಸದ್ದಾಯಿತು. ಅವಳು ಹಿಂದೆ ಸರಿಯುವ ಮೊದಲೇ ಹಾವು ಅವಳ ಎಡಗಾಲಿನ ಹರಡಿನ ಮೇಲೆ ಕಚ್ಚಿ ಹುಲ್ಲಿಗಿಳಿಯಿತು. ಮೈಮೇಲೆ ಸರಪಳಿಯಂತೆ ಕಂದು ಮಚ್ಚೆ. ಘೋಣಸ, ಘೋಣಸ ಎಂದು ಮರಾಠಿ ಹುಡುಗರು ಕೂಗಿದರು. ಕೊಳಕುಮಂಡಲಕ್ಕೆ ಅಲ್ಲಿಯವರ ಹೆಸರು ಅದು.

ದವಾಖಾನೆಗೆ ಹೋಗೋಣ ಎಂದು ಭೀಮವ್ವ ಮೊದಲೇ ಹೇಳಿದಳು. ಮಲಕಪ್ಪ ಆಗಲೇ ಸುತಳಿ ಹಗ್ಗ ತಂದು ಮೊಣಕಾಲ ಕೆಳಗೆ ಬಿಗಿಯಾಗಿ ಕಟ್ಟುತ್ತಿದ್ದ. ಮೊದಲು ಮಲ್ಲಯ್ಯ, ಆಮೇಲೆ ಡಾಕ್ಟರ್ ಎಂದ. ತನಗೆ ಕಚ್ಚಿದಾಗ ಡಾಕ್ಟರು ಕೈ ಚೆಲ್ಲಿದ್ದನ್ನು ನೀನೇ ಹೇಳಿಲ್ಲವೇ ಎಂದ. ಅವನು ಅವಳನ್ನು ಮೋಟಾರು ಸೈಕಲ್ಲಿನ ಹಿಂದೆ ಕೂರಿಸಿ, ಬೀಳದಂತೆ ಟವೆಲ್ಲಿನಿಂದ ತನ್ನ ಸೊಂಟಕ್ಕೆ ಕಟ್ಟಿಕೊಂಡ.

ಜೇಜುರಿ ದಾರಿಯ ಬೋಪದೇವ ಘಾಟು ಹತ್ತುವವರೆಗೂ ಅವಳು ಮಾತಾಡಲಿಲ್ಲ. ಕಾಲಿಗೆ ಕೆಂಡ ಸುರಿದ ಹಾಗೆ ಉರಿ, ಉರಿಯ ಜೊತೆ ಬಾವು. ದಾರಿಯಲ್ಲಿ ಎರಡು ಸಲ ವಾಂತಿ ಮಾಡಿಕೊಂಡಳು. ಬಾಯಿ ಒರೆಸಿಕೊಂಡಾಗ ಕೈಗೆ ರಕ್ತ ಹತ್ತಿತು, ವಸಡಿನಿಂದ ಬರುತ್ತಿತ್ತು. ಆಗ ಅವಳು ಅವನ ಬೆನ್ನಿಗೆ ಮುಖ ಹಚ್ಚಿ ಎಲ್ಲ ಹೇಳಿದಳು. ಭಂಡಾರ ಹಚ್ಚಲಿಲ್ಲ, ಹರಕೆ ಹೊರಲಿಲ್ಲ, ಇಂಜೆಕ್ಷನ್ನಿನಿಂದ ಬದುಕಿದಿರಿ, ನಾನೇ ಸುಳ್ಳು ಹೇಳಿದೆ, ಗಾಡಿ ತಿರುಗಿಸಿರಿ ಎಂದಳು. ಅಳುತ್ತ ಹೇಳಿದಳು.

ವಿಷ ತಲೆಗೇರಿ ಏನೋ ಮಾತಾಡುತ್ತಿದ್ದೀ ಎಂದ ಮಲಕಪ್ಪ. ಇನ್ನೂ ಜೋರಾಗಿ ಓಡಿಸಿದ.

ಜೇಜುರಿಯ ಮೆಟ್ಟಿಲ ಬುಡದಲ್ಲಿ ಭೀಮವ್ವನಿಗೆ ನಿಲ್ಲಲಾಗಲಿಲ್ಲ. ಭಂಡಾರ ಮಾರುವ ಹೆಂಗಸೊಬ್ಬಳು ಅವಳ ಬಾಯಿಯ ರಕ್ತ, ಕಪ್ಪಾದ ಕಾಲು ನೋಡಿ ಮಲಕಪ್ಪನನ್ನು ಬೈದಳು. "ದೇವ ಕುಠೇ ಪಳತ ನಾಹೀ. ಆಧೀ ದವಾಖಾನ್ಯಾತ ನ್ಯಾ." ದೇವರು ಎಲ್ಲಿಗೂ ಓಡಿಹೋಗುವುದಿಲ್ಲ, ಮೊದಲು ದವಾಖಾನೆಗೆ ಒಯ್ಯಿ ಎಂದವಳೇ ಕಾಲಿನ ಹಗ್ಗ ಸಡಿಲಿಸಿ, ತಾನೇ ಫೋನ್ ಮಾಡಿ ಆಂಬುಲೆನ್ಸ್ ಕರೆಸಿದಳು.

*

ಪುಣೆಯ ದೊಡ್ಡ ದವಾಖಾನೆಯಲ್ಲಿ ಔಷಧಕ್ಕೇನೂ ಕೊರತೆಯಾಗಲಿಲ್ಲ. ಒಂದೇ ದಿನದಲ್ಲಿ ರಕ್ತ ಹೆಪ್ಪುಗಟ್ಟತೊಡಗಿತು, ವಸಡಿನ ರಕ್ತ ನಿಂತಿತು. ಆದರೆ ಮೂತ್ರ ಕಟ್ಟಿತ್ತು. ಬಂದ ನಾಲ್ಕು ಹನಿಯೂ ಕರಿ ಚಹಾದ ಬಣ್ಣ. ಯುವ ಡಾಕ್ಟರೊಬ್ಬಳು ಅಕ್ಷಯನಿಗೆ ಮರಾಠಿಯಲ್ಲಿ ತಿಳಿಸಿ ಹೇಳಿದಳು. ರಕ್ತದಲ್ಲಿ ತಿರುಗುವ ವಿಷವನ್ನು ಈ ಔಷಧ ಹಿಡಿಯುತ್ತದೆ, ಆಗಲೇ ಕೆಟ್ಟ ಕಿಡ್ನಿಯನ್ನು ಅದು ಸರಿ ಮಾಡಲಾರದು. ಮಶಿನ್ನಿನಲ್ಲಿ ರಕ್ತ ತೊಳೆಯುತ್ತೇವೆ, ಕಾಯೋಣ. ಕಚ್ಚಿದ ಕೂಡಲೇ ಬಂದಿದ್ದರೆ ಎಂದು ಶುರು ಮಾಡಿ, ಹುಡುಗನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು.

ಹೆಂಗಸರ ವಾರ್ಡಿನಲ್ಲಿ ಜೊತೆಗಿರಲು ಶಿವಕಾಂತಾಳನ್ನಷ್ಟೇ ಬಿಟ್ಟರು. ಮಲಕಪ್ಪ ಭೇಟಿಯ ಹೊತ್ತಿಗೆ ಬಂದು ಕಾಟಿನ ಕಾಲ ಬಳಿ ನಿಲ್ಲುತ್ತಿದ್ದ. ಭೀಮವ್ವ ಅವನನ್ನು ಉಂಡಿರೇನು ಎಂದು ಕೇಳುತ್ತಿದ್ದಳು. ಅವನು ಹೂಂ ಅನ್ನುತ್ತಿದ್ದ. ಅಷ್ಟೇ.

ನೀರು ಹೆಚ್ಚು ಕೊಡುವಂತಿರಲಿಲ್ಲ. ಶಿವಕಾಂತಾ ಅರಳೆ ಒದ್ದೆ ಮಾಡಿ ಅಕ್ಕನ ತುಟಿಗೆ ಒತ್ತುತ್ತಿದ್ದಳು. ಉಸಿರು ಭಾರವಾದ ದಿನ ಭೀಮವ್ವ ಆ ಕೈಯನ್ನು ಹಿಡಿದು ನಿಲ್ಲಿಸಿದಳು.

"ಗಾಡಿ ಮ್ಯಾಲ ಖರೆ ಹೇಳೀನಿ. ಅವರು ನಂಬಲಿಲ್ಲ. ಹಂಗೇ ಇರ್ಲಿ ಬಿಡು. ಖರೆ ಅಂತ ಗೊತ್ತಾದ್ರ ಮತ್ತ ಸೆರೆ ಕುಡೀತಾರ, ಉಳಿಯಂಗಿಲ್ಲ. ನೀ ಬಾಯಿ ಬಿಡಬ್ಯಾಡ."

ನೀನೇ ಎದ್ದು ಬಂದು ಸಂಭಾಳಿಸಿಕೋ ಎಂದು ಶಿವಕಾಂತಾ ಗದರಿದಳು. ಭೀಮವ್ವ ಕೈ ಬಿಡಲಿಲ್ಲ. ಆಗಲಿ ಎಂದು ಅನ್ನಿಸಿಕೊಂಡ ಮೇಲೇ ಬಿಟ್ಟಳು.

*

ಸ್ಮಶಾನದ ಹಿಂದಿನ ಮೂಲೆಯಲ್ಲಿ, ಸುಡದೆ ಹೂಳುವವರಿಗೆಂದು ಬಿಟ್ಟ ಜಾಗದಲ್ಲಿ, ಬೆಳಿಗ್ಗೆಯೇ ಕುಣಿ ತೋಡಿಸಿದ್ದರು. ಸುತ್ತ ಮಳೆಗಾಲದ ಹುಲ್ಲು. ಶವವನ್ನು ಕುಣಿಯ ಪಕ್ಕದಲ್ಲಿ ಇಳಿಸಿ, ಹೂವು ತರಲು ಹೋದವರಿಗಾಗಿ ಎಲ್ಲರೂ ಕಾಯುತ್ತಿದ್ದರು. ಶಿವಕಾಂತಾ ಅಕ್ಕನ ತಲೆಯ ಹತ್ತಿರ ಕೂತು ನೊಣ ಓಡಿಸುತ್ತಿದ್ದಳು. ಅಕ್ಷಯ ಕುಣಿಯ ದಂಡೆಯಲ್ಲಿ ಸಲಿಕೆ ಹಿಡಿದು ನಿಂತಿದ್ದ. ಅಲ್ಲಿಯತನಕ ಗೇಟಿನ ಹತ್ತಿರವೇ ಇದ್ದ ಮಲಕಪ್ಪ ನಿಧಾನಕ್ಕೆ ಬಂದು, ಹೆಂಡತಿಯಿಂದ ಸ್ವಲ್ಪ ದೂರದಲ್ಲಿ ಕುಕ್ಕರುಗಾಲಿನಲ್ಲಿ ಕೂತ.

"ಶಿವಕಾಂತಾ. ಘಾಟಿನ್ಯಾಗ ಆಕಿ ಒಂದು ಮಾತು ಹೇಳಿದಳು. ಬಾರಾಮತ್ಯಾಗ ಭಂಡಾರ ಹಚ್ಚೇ ಇಲ್ಲ, ಬೇಡ್ಕೊಂಡೇ ಇಲ್ಲ ಅಂತ. ನೀ ಅಲ್ಲೇ ಇದ್ದಿ. ಖರೆ ಏನು?"

ಈ ಪ್ರಶ್ನೆ ಬಂದೇ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದಳು.

"ವಿಷಾ ಏರಿದಾಗ ಮಂದಿ ಏನರ ಮಾತಾಡ್ತಾರ್ರಿ ಮಾವಾ."

ಮಲಕಪ್ಪ ತಲೆಯಾಡಿಸಿದ.

"ನಾನೂ ಆಕಿಗೆ ಅದನ್ನ ಅಂದೆ. ಆಕಿ ಅಳಾಕತ್ತಿದ್ದಳು. ನಾ ಬಡದಾಗೂ ಅತ್ತಾಕಿ ಅಲ್ಲ ಆಕಿ. ನನ್ನ ಮುಂದ ಅತ್ತು ಮಾತಾಡಿದ್ದು ಅದೊಂದೇ ಸಲ. ಅದನ್ನ ಹುಚ್ಚ ಮಾತು ಅಂತ ಹ್ಯಾಂಗ ಮಣ್ಣ ಮಾಡ್ಲಿ?" ಮತ್ತೆ ಹೇಳಿದ. "ಖರೆ ಆದ್ರ ನಾನೇ ಕೊಂದಂಗ ಆತು. ಗೊತ್ತದ ನನಗ. ಆದ್ರೂ ಹೇಳು. ಆಕಿ ಮಾತು ಆಕಿಗೆ ಇರ್ಲಿ."

ಶಿವಕಾಂತಾ ಅಕ್ಕನ ಮುಖ ನೋಡಿದಳು. ಹಣೆಯ ಕುಂಕುಮ ಬೆವರಿಲ್ಲದ ಚರ್ಮದ ಮೇಲೆ ಒಣಗಿ ಉದುರತೊಡಗಿತ್ತು. ಬೆರಳ ತುದಿಯಿಂದ ಅದನ್ನು ಸರಿ ಮಾಡಿದಳು.

"ಖರೆ" ಎಂದಳು. "ನೀವು ಕುಡಿಯೂದು ಬಿಡ್ಲಿ ಅಂತ ಹಂಗಂದ್ಲು. ನೀವು ಬಿಟ್ರಿ. ನಿಮಗ ತಿಳೀಬಾರದು ಅಂತ ದವಾಖಾನ್ಯಾಗ ನನ್ನ ಕೈ ಹಿಡಕೊಂಡು ಅಂದಾಳ."

ಸಲಿಕೆ ಕಲ್ಲಿಗೆ ತಾಕಿದ ಸದ್ದಾಯಿತು. ಅಕ್ಷಯ ಕೇಳಿಸಿಕೊಂಡಿದ್ದ. ಅಪ್ಪನನ್ನು ನೋಡಿದ, ಅವ್ವನನ್ನು ನೋಡಿದ, ಚಿಕ್ಕಮ್ಮನ ಕಡೆ ತಿರುಗಿದ.

ಹೂವು ಬಂತು. ಹಿರಿಯ ಎಲ್ಲರನ್ನೂ ಹತ್ತಿರ ಕರೆದ. ಮಲಕಪ್ಪ ಎದ್ದು ಒಂದು ಹೆಜ್ಜೆ ಇಟ್ಟು, ಮಗನ ಮುಂದೆ ನಿಂತ. ಅಕ್ಷಯ ದಾರಿಗೆ ಅಡ್ಡವಾಗಿದ್ದ ಸಲಿಕೆಯನ್ನು ಪಕ್ಕಕ್ಕೆ ಎಳೆದುಕೊಂಡ.

ಮಲಕಪ್ಪ ಅಲ್ಲಿ ಬಿದ್ದಿದ್ದ ಒಂದು ಬಿದಿರು ಕೋಲು ಎತ್ತಿಕೊಂಡು ಕುಣಿಯ ಸುತ್ತಲಿನ ಹುಲ್ಲನ್ನು ಬಡಿಯುತ್ತ ಹೋದ. ಒಂದು ಸುತ್ತು ಮುಗಿಸಿ ಕುಣಿಯೊಳಗೆ ಇಳಿದ. ನಾಲ್ಕೂ ಮೂಲೆಗೆ ಕೋಲು ಹಾಕಿ ತಿವಿದ. ಹೆಂಟೆಗಳನ್ನು ಹೊರಳಿಸಿ ನೋಡಿದ, ಗೋಡೆಯ ಬಿರುಕುಗಳಿಗೆ ಕೋಲಿನ ತುದಿ ಆಡಿಸಿದ. ಏನೂ ಇಲ್ಲ, ಸಾಫ್ ಇದೆ ಎಂದು ಕುಣಿ ತೋಡಿದವನು ಮರಾಠಿಯಲ್ಲಿ ಎರಡು ಸಲ ಹೇಳಿದ. ಮಲಕಪ್ಪನಿಗೆ ಕೇಳಿಸಲಿಲ್ಲವೇನೋ. ಕೋಲು ಮೇಲಕ್ಕೆ ಎಸೆದು ಮಂಡಿಯೂರಿ, ಅವಳ ಕಾಲು ಬರುವ ಕಡೆ ನೆಲವನ್ನು ಬರಿಗೈಯಿಂದ ಒಂದಿಂಚೂ ಬಿಡದಂತೆ ಸವರಿದ.

ಆಮೇಲೆ ಎದ್ದು ನಿಂತು ಎರಡೂ ತೋಳು ಮೇಲೆ ಚಾಚಿದ. ಅಕ್ಷಯ ಅವ್ವನ ಹೆಗಲ ಕೆಳಗೆ ಕೈ ಕೊಟ್ಟು, ನಿಧಾನವಾಗಿ ಆ ತೋಳುಗಳಿಗೆ ಇಳಿಸಿದ.