ನಶ್ಯದ ಕುಳಿಯ ಕೆಳಗಿನ ಎಲುಬು

ನಾನು ಒಂದು ಎಡಗೈ. ಮೊಳಕೈಯಿಂದ ಕೆಳಗಿನ ಎಲುಬುಗಳಷ್ಟೇ ಉಳಿದಿವೆ: ಮುಂದೋಳಿನಲ್ಲಿ ಎರಡು, ಮಣಿಕಟ್ಟಿನಲ್ಲಿ ಎಂಟು, ಅಂಗೈಯಲ್ಲಿ ಐದು, ಬೆರಳುಗಳಲ್ಲಿ ಹದಿನಾಲ್ಕು. ಹುಟ್ಟಿದ್ದು ತಾಯಿಯ ಹೊಟ್ಟೆಯಲ್ಲೇ. ಆದರೆ ಈ ರೂಪ ಕೊಟ್ಟವನು ಮೆಡಿಕಲ್ ಕಾಲೇಜಿನ ಅಟೆಂಡರ್ ಲಾಲಸಾಬ. ನನ್ನ ಒಡೆಯ ಗೂಡ್ಸ್ ಶೆಡ್ಡಿನಲ್ಲಿ ಚೀಲ ಹೊರುತ್ತಿದ್ದ, ಅಲ್ಲೇ ಸತ್ತ. ಹೆಣ ಕೇಳಿಕೊಂಡು ಯಾರೂ ಬರಲಿಲ್ಲ. ಹುಡುಗರು ಕುಯ್ದು ಕಲಿತ ಮೇಲೆ ಲಾಲಸಾಬ ನನ್ನನ್ನು ಡ್ರಮ್ಮಿನಲ್ಲಿ ಕುದಿಸಿ, ಕೆರೆದು, ಬಿಸಿಲಿಗೆ ಒಣಗಿಸಿ, ನೈಲಾನ್ ದಾರದಲ್ಲಿ ಪೋಣಿಸಿದ.

ಎಲುಬುಗಳನ್ನು ಸೀನಿಯರುಗಳು ಜೂನಿಯರುಗಳಿಗೆ ದಾಟಿಸುವುದು ಅಲ್ಲಿಯ ವಾಡಿಕೆ. ಮೊದಲನೆಯವನು ನನ್ನ ತೋರುಬೆರಳಿನಿಂದ ಬೆನ್ನು ಕೆರೆದುಕೊಳ್ಳುತ್ತಿದ್ದ. ಎರಡನೆಯವನು ನನ್ನನ್ನು ಷೂ ಡಬ್ಬಿಯಲ್ಲಿಟ್ಟು ಮರೆತ. ಮೂರನೆಯವಳು ಕಸ್ತೂರಿ ಮ್ಯಾಗೇರಿ. ಅವಳ ತಾಯಿ ರಸ್ತೆ ಬದಿಯಲ್ಲಿ ಜಲ್ಲಿ ಒಡೆಯುವವಳು.

"ಲಾಲಸಾಬಜ್ಜಾ, ಇವರ ಹೆಸರೇನಿತ್ತು?" ಎಂದು ಕೇಳಿದವಳು ಅವಳೊಬ್ಬಳೇ.

"ರಜಿಸ್ಟರಿನಾಗ ನಂಬರ್ ಐತವ್ವಾ. ಹೆಸರಿನ ಕಾಲಮ್ಮಿಗೆ ಗೀಟು ಹೊಡದಾರ."

ಅವಳು ನನ್ನನ್ನು ಯಾರಿಗೂ ದಾಟಿಸಲಿಲ್ಲ. ಡಾಕ್ಟರಾಗಿ ಗ್ರಾನೈಟ್ ಕಾರ್ಖಾನೆಗಳ ಊರಿನ ಸರ್ಕಾರಿ ಆಸ್ಪತ್ರೆಗೆ ಹೋದಾಗ ಜೊತೆಗೇ ಒಯ್ದಳು.

ಅಲ್ಲಿಗೆ ಒಂದು ದಿನ ದುರುಗವ್ವ ಬಂದಳು. ಕಲ್ಲು ಪಾಲಿಶ್ ಮಾಡುವವಳು. ಒದ್ದೆ ನೆಲದಲ್ಲಿ ಜಾರಿ, ಎಡ ಅಂಗೈ ಊರಿ ಬಿದ್ದು ಹನ್ನೆರಡು ದಿನವಾಗಿತ್ತು. ಕಾರ್ಖಾನೆಯ ಡಾಕ್ಟರು ಅಂದೇ ಎಕ್ಸ್‌ರೇ ತೆಗೆಸಿ ಉಳುಕು ಎಂದಿದ್ದರು. ನಾಳೆ ಮೆಷಿನ್ ಹಿಡಿಯದಿದ್ದರೆ ಅವಳ ಹೆಸರು ತೆಗೆಯುವವರಿದ್ದರು. ನೋವು ಇಳಿಯದ್ದಕ್ಕೆ ಅವಳು ಇಲ್ಲಿಗೆ ಬಂದಿದ್ದಳು. ಜೊತೆಗೆ ಸೂಪರ್‌ವೈಸರ್ ವೀರನಗೌಡನೂ ಬಂದಿದ್ದ.

"ಫಿಟ್ ಅಂತ ಒಂದ್ ಸಹಿ ಹಾಕ್ರಿ ಮೇಡಂ, ಹೊಕ್ಕೇವಿ."

"ನೋವು ಎಲ್ಲಿ ಐತಿ ದುರುಗವ್ವಾ?"

"ನಶ್ಯ ಇಟ್ಕೊಳ್ಳೋ ಕುಣ್ಯಾಗ, ಬಾಯಾರ. ಬಿದ್ದಾಗಿಂದ ಒಂದ್ ಚಿಟಿಕಿ ಏರಿಸಿಲ್ಲ. ಆ ಡಾಕ್ಟರಗೂ ಇದನ್ನ ಹೇಳಿದ್ದೆ. ನಕ್ಕ, ಚಟ ಬಿಡು ಅಂದ."

ವೀರನಗೌಡನೂ ನಕ್ಕ. ಕಸ್ತೂರಿ ನಗಲಿಲ್ಲ. ಹೆಬ್ಬೆರಳನ್ನು ಚಾಚಿ ಎತ್ತಿದರೆ ಅದರ ಬುಡದಲ್ಲಿ, ಬಿಗಿದ ಎರಡು ಹುರಿಗಳ ನಡುವೆ ಒಂದು ಕುಳಿ ಬೀಳುತ್ತದೆ. ನಶ್ಯ ಸೇದುವವರು ಪುಡಿ ಇಟ್ಟುಕೊಳ್ಳುವುದು ಅಲ್ಲೇ. ಕಸ್ತೂರಿ ಅಲ್ಲಿ ಬೆರಳೂರಿದಳು. ದುರುಗವ್ವ ಹಲ್ಲು ಕಚ್ಚಿ ಕುರ್ಚಿಯಿಂದ ಅರ್ಧ ಎದ್ದಳು.

ಕಸ್ತೂರಿ ನನ್ನನ್ನು ಚೀಲದಿಂದ ತೆಗೆದು ಮೇಜಿನ ಮೇಲೆ ಹರವಿದಳು. "ಗೌಡ್ರ, ಆ ಕುಣಿ ತಳದಾಗ ಇರೂದು ಈ ಗೋಡಂಬಿಯಷ್ಟು ಎಲುಬು. ಇದು ಸೀಳಿದ್ದು ಒಮ್ಮೊಮ್ಮೆ ಮೊದಲನೇ ದಿನದ ಎಕ್ಸ್‌ರೇದಾಗ ಕಾಣೂದಿಲ್ಲ. ಇದಕ್ಕ ರಕ್ತ ಬರೂದು ಬೆರಳಿನ ಕಡಿಂದ. ನಡಕ ಮುರದ್ರ ಈಚೆ, ಮೊಳಕೈ ಕಡಿ ತುಂಡು ರಕ್ತ ಸಿಗದ ಉಪವಾಸ ಬಿದ್ದು ಸಾಯತೈತಿ. ಆಮೇಲೆ ಮೆಷಿನ್ ಬಿಡ್ರಿ, ತುಂಬಿದ ಕೊಡ ಎತ್ತಾಕೂ ಈಕಿಗೆ ಆಗೂದಿಲ್ಲ."

"ಇಷ್ಟು ಸಣ್ಣ ಎಲುಬಿಗೆ ದೊಡ್ಡ ಭಾಷಣ ಆತಲ್ರಿ."

"ಸಣ್ಣದು ಅಂತನ ಯಾರೂ ನೋಡಿಲ್ಲ."

ದುರುಗವ್ವ ನನ್ನನ್ನು ಬಲಗೈಯಿಂದ ಮೆಲ್ಲಗೆ ಮುಟ್ಟಿದಳು. "ಇದು ಯಾರದ್ರಿ ಬಾಯಾರ? ಯಾರೋ ನಮ್ಮಂಥೋರದೇ ಇರಬೇಕು," ಎಂದಳು.

ಮತ್ತೊಮ್ಮೆ ತೆಗೆದ ಎಕ್ಸ್‌ರೇಯಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಕಸ್ತೂರಿ ಸಹಿ ಹಾಕಲಿಲ್ಲ. ಕೆಲಸದಲ್ಲಾದ ಗಾಯವೆಂದು ಬರೆದು, ಸೀಲು ಹೊಡೆದು, ಹಾಳೆಯನ್ನು ವೀರನಗೌಡನ ಕೈಗಿಟ್ಟಳು. ಮೂರು ತಿಂಗಳ ಮೇಲೆ ಪ್ಲಾಸ್ಟರ್ ಬಿಚ್ಚಿದಾಗ ದುರುಗವ್ವನ ಕೈ ಸೊರಗಿ ಕಡ್ಡಿಯಾಗಿತ್ತು. ಆದರೆ ಹೆಬ್ಬೆರಳು ಹೋಗಿ ಕಿರುಬೆರಳನ್ನು ಮುಟ್ಟಿತು. ಅವಳು ಅದನ್ನೇ ನಾಲ್ಕು ಸಲ ಮಾಡಿ ನೋಡಿಕೊಂಡಳು.

ಮುಂದಿನ ಸೋಮವಾರ ಅವಳು ಒಬ್ಬಳೇ ಬರಲಿಲ್ಲ. ಹನ್ನೊಂದು ಹೆಂಗಸರನ್ನು ಕರೆತಂದಳು. ಎಲ್ಲರದೂ ಕಾರ್ಖಾನೆಯ ಡಾಕ್ಟರು ಉಳುಕೆಂದು ಬರೆದ ಕೈಗಳು. "ಇವರದೂ ಕುಣಿ ಒತ್ತಿ ನೋಡ್ರಿ ಬಾಯಾರ," ಎಂದಳು. ಕಸ್ತೂರಿ ಒಬ್ಬೊಬ್ಬರ ಕೈಯನ್ನೂ ಒತ್ತಿ ನೋಡಿದಳು, ಎಕ್ಸ್‌ರೇ ತೆಗೆಸಿದಳು. ನಾಲ್ವರಲ್ಲಿ ಆ ಎಲುಬು ಆಗಲೇ ಸತ್ತಿತ್ತು.

ನನಗೀಗ ವಯಸ್ಸಾಗಿದೆ. ಆಸ್ಪತ್ರೆಯ ಕಪಾಟಿನಲ್ಲಿ ಮಲಗಿದ್ದೇನೆ. ದಾರ ಹಳದಿಯಾಗಿದೆ. ಸಾವು ನನಗೆ ಹೊಸದಲ್ಲ, ಆದರೆ ನಾನು ಸತ್ತದ್ದು ಒಡೆಯ ಸತ್ತ ಮೇಲೆ. ಆ ನಾಲ್ವರ ಎಲುಬು ಸತ್ತದ್ದು ಅವರು ಕಲ್ಲು ಉಜ್ಜುತ್ತಿರುವಾಗಲೇ, ಕಾರ್ಖಾನೆಯ ಡಾಕ್ಟರದು ಫಿಟ್ ಎಂಬ ಸಹಿ ಬಿದ್ದ ಮೇಲೆ.